ಹಳೇ ಪೋಸ್ಟು ಕೆಲಸಕ್ಕೆ ಕುತ್ತು ತರೋ ಮುಂಚೆ ಇಷ್ಟು ಮಾಡ್ಕೊಳ್ಳಿ

ಕೆಲಸ ಹುಡುಕ್ತಾ ಇದೀರೋ, ಇರೋ ಕೆಲಸದಲ್ಲೇ ಪ್ರಮೋಷನ್ ಕಾಯ್ತಾ ಇದೀರೋ, ಮೊದಲು ಬ್ರೌಸರಲ್ಲಿ ಇನ್‌ಕಾಗ್ನಿಟೋ (ನಿಮ್ಮ ಲಾಗಿನ್, ಹಳೇ ಹಿಸ್ಟರಿ ಇಲ್ದೆ ತೆರೆಯೋ ವಿಂಡೋ) ತೆಗೆದು ನಿಮ್ಮ ಹೆಸರಿನ ಜೊತೆ ಊರು ಇಲ್ಲಾ ಕಾಲೇಜು ಹಾಕಿ ಸರ್ಚ್ ಮಾಡಿ. ಕನ್ನಡದಲ್ಲೊಂದ್ಸಲ, ಇಂಗ್ಲಿಷಲ್ಲೊಂದ್ಸಲ, ಫೋಟೋಗಳನ್ನೂ ಬಿಡಬೇಡಿ. ರೆಸ್ಯೂಮೆ ಓದಿದ ಎಚ್‌ಆರ್ ನಿಮ್ಮ ಹೆಸರು ಹುಡುಕಿದ್ರೆ ಅವ್ರಿಗೂ ಹೆಚ್ಚುಕಮ್ಮಿ ಇದೇ ಕಾಣೋದು.

ಇನ್ಮೇಲೆ ಹುಷಾರಾಗಿರ್ತೀನಿ ಅಂದ್ರೆ ಸಾಲದು, ಹೊಡೆತ ಬೀಳೋದು ಎಷ್ಟೋ ಸಲ ಹಳೇದ್ರಿಂದ. ಇಂಗ್ಲೆಂಡ್ ಬೌಲರ್ ಆಲಿ ರಾಬಿನ್ಸನ್ ನೆನಪಿದ್ಯಾ, 2021ರ ಜೂನಲ್ಲಿ ಲಾರ್ಡ್ಸಲ್ಲಿ ನ್ಯೂಜಿಲೆಂಡ್ ಮೇಲೆ ಮೊದಲ ಟೆಸ್ಟ್ ಆಡಿ ಏಳು ವಿಕೆಟ್ ತೆಗೆದ್ರು, ಆದ್ರೆ ಮೊದಲನೇ ದಿನಾನೇ ಅವ್ರು 2012-13ರಲ್ಲಿ ಹಾಕಿದ್ದ ಜನಾಂಗೀಯ ನಿಂದನೆಯ ಟ್ವೀಟುಗಳು, ಹೆಂಗಸರ ಬಗ್ಗೆ ಕೀಳಾಗಿ ಬರೆದಿದ್ದು ಎಲ್ಲಾ ಮೇಲೆ ಬಂತು. ಅವತ್ತೇ ಕ್ಷಮೆ ಕೇಳಿದ್ರು, ಆದ್ರೂ ಬೋರ್ಡ್ ಸಸ್ಪೆಂಡ್ ಮಾಡ್ತು, ಮುಂದಿನ ಟೆಸ್ಟ್ ಕೈತಪ್ಪಿ ಹೋಯ್ತು.

ಹಾಗಾಗಿ ಎಕ್ಸ್ ಅಂದ್ರೆ ಹಳೇ ಟ್ವಿಟರಲ್ಲಿ ಅಡ್ವಾನ್ಸ್ಡ್ ಸರ್ಚಿಗೆ ಹೋಗಿ, ನಿಮ್ಮ ಹ್ಯಾಂಡಲ್ ಹಾಕಿ, ವರ್ಷ ವರ್ಷದ ತಾರೀಖು ಕೊಟ್ಟು ನೋಡ್ತಾ ಬನ್ನಿ. ಬೈಗುಳ, ಜಾತಿ, ಧರ್ಮ, ಹೆಂಗಸರು ಅಂತ ಬರೋ ಕಡೆ ನಿಧಾನಕ್ಕೆ ಓದಿ, ಇವತ್ತು ನಿಮ್ಮ ಹೆಸರಲ್ಲಿ ನಿಂತು ಸಮರ್ಥಿಸ್ಕೊಳ್ಳೋಕೆ ಆಗ್ದೇ ಇರೋದನ್ನ ಡಿಲೀಟ್ ಮಾಡಿ. ಅಕೌಂಟನ್ನೇ ಮುಚ್ಚಿಬಿಡ್ತೀನಿ ಅನ್ನೋದು ನನಗೆ ಸರಿ ಅನ್ಸಲ್ಲ, ವರ್ಷಗಟ್ಲೆ ಬರೆದ ಒಳ್ಳೇದೂ ಜೊತೆಗೇ ಹೋಗತ್ತೆ.

ಫೇಸ್‌ಬುಕ್ಕಲ್ಲಿ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನ ಒತ್ತಿದ್ರೆ ಹಿಂದಿನ ಪಬ್ಲಿಕ್ ಪೋಸ್ಟೆಲ್ಲಾ ಫ್ರೆಂಡ್ಸಿಗೆ ಮಾತ್ರ ಕಾಣೋ ಹಾಗಾಗತ್ತೆ. ತುಂಬಾ ಜನ ಇಷ್ಟಕ್ಕೇ ನಿಲ್ಲಿಸ್ತಾರೆ, ದಯವಿಟ್ಟು ನಿಲ್ಲಿಸ್ಬೇಡಿ, ಯಾಕಂದ್ರೆ ನ್ಯೂಸ್ ಚಾನೆಲ್ ಪೇಜಲ್ಲಿ, ಸಿನಿಮಾ ಪೇಜಲ್ಲಿ, ಯಾವ್ದೋ ಎಲೆಕ್ಷನ್ ಟೈಮಲ್ಲಿ ಸಿಟ್ಟಲ್ಲಿ ಹಾಕಿದ ಕಮೆಂಟಿಗೆ ಈ ಸೆಟ್ಟಿಂಗ್ ಅನ್ವಯ ಆಗಲ್ಲ, ಆ ಪೋಸ್ಟ್ ಪಬ್ಲಿಕ್ ಆಗಿದ್ರೆ ನಿಮ್ಮ ಕಮೆಂಟೂ ಪಬ್ಲಿಕ್ಕೇ, ನಿಮ್ಮ ಹೆಸರು ಫೋಟೋ ಸಮೇತ. ಆಕ್ಟಿವಿಟಿ ಲಾಗಿಗೆ ಹೋಗಿ ಕಮೆಂಟ್ಸ್ ತೆಗೆದ್ರೆ ಒಂದೊಂದಾಗಿ ಸಿಗತ್ತೆ, ಒಂದು ಭಾನುವಾರ ಕೂತು ಮುಗಿಸಿ. ಬೇರೆಯವ್ರು ಹಾಕಿದ ಟ್ಯಾಗ್ ನಿಮ್ಮ ಪ್ರೊಫೈಲಲ್ಲಿ ಕಾಣೋ ಮುಂಚೆ ನಿಮ್ಮನ್ನ ಕೇಳೋ ಟ್ಯಾಗ್ ರಿವ್ಯೂ ಆನ್ ಮಾಡ್ಕೊಳ್ಳಿ.

ವಾಟ್ಸಾಪ್ ಸ್ಟೇಟಸ್ಸನ್ನ ಯಾರೂ ಸೋಷಿಯಲ್ ಮೀಡಿಯಾ ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ಮ್ಯಾನೇಜರ್ ನಂಬರ್ ನಿಮ್ಮ ಹತ್ರ, ನಿಮ್ಮ ನಂಬರ್ ಅವ್ರ ಹತ್ರ ಸೇವ್ ಆಗಿದ್ರೆ ಅವ್ರಿಗೂ ಕಾಣತ್ತೆ. 'ಕೆಲವರ ಬೆಲೆ ಬಿಟ್ಟು ಹೋದ್ಮೇಲೆ ಗೊತ್ತಾಗತ್ತೆ' ಅಂತ ಹೆಸರಿಲ್ದೆ ಹಾಕಿದ್ರೂ ಯಾರಿಗೆ ಅಂತ ಇಡೀ ಟೀಮಿಗೆ ಅರ್ಥ ಆಗತ್ತೆ. ಸ್ಟೇಟಸ್ ಪ್ರೈವಸಿಯಲ್ಲಿ ಆಫೀಸಿನವ್ರನ್ನ ಹೊರಗಿಡಿ. ಸ್ಟೇಟಸ್ ಸ್ಕ್ರೀನ್‌ಶಾಟ್ ತೆಗೆದ್ರೆ ನಿಮಗೆ ಗೊತ್ತೂ ಆಗಲ್ಲ, ಇದು ನೆನಪಿರಲಿ.

ಸರ್ಕಾರಿ ನೌಕರಿಯಲ್ಲಿರೋರಿಗೆ ಲೆಕ್ಕಾನೇ ಬೇರೆ. ಕರ್ನಾಟಕದಲ್ಲಿ 2021ರ ನಾಗರಿಕ ಸೇವಾ ನಡತೆ ನಿಯಮಗಳಿವೆ, ಸರ್ಕಾರವನ್ನ ಟೀಕೆ ಮಾಡಿದ್ರೆ ಕ್ರಮ ತಗೊಳ್ಳೋಕೆ ಅದೇ ಕಾರಣ ಸಾಕು. 2023ರ ಮೇನಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಶಾಲೆ ಮೇಷ್ಟ್ರೊಬ್ರು ರಾಜ್ಯದ ಸಾಲದ ಬಗ್ಗೆ, ಉಚಿತ ಯೋಜನೆಗಳ ಬಗ್ಗೆ ಪೋಸ್ಟ್ ಹಾಕಿ ಸಸ್ಪೆಂಡ್ ಆದ್ರು. ಇಂಥದ್ದಕ್ಕೆ ಕೆಲಸದ ಮೇಲೆ ಕೈ ಇಡೋದು ಅತಿ ಅಂತ ನನ್ನ ಅಭಿಪ್ರಾಯ, ಆದ್ರೆ ನಿಯಮ ಬದಲಾಗೋವರೆಗೂ ಸಂಬಳ ನಿಮ್ದು, ನೀವೇ ನೋಡ್ಕೋಬೇಕು.

ಲಿಂಕ್ಡ್‌ಇನ್ನಲ್ಲಿ ಫೋಟೋ ಸುತ್ತ ಕೆಲಸ ಹುಡುಕ್ತಾ ಇದೀನಿ ಅಂತ ತೋರ್ಸೋ ಹಸಿರು 'ಓಪನ್ ಟು ವರ್ಕ್' ರಿಂಗ್ ಹಾಕಿದ್ರೆ ಬಾಸಿಗೂ ಕಾಣತ್ತೆ. ರಿಕ್ರೂಟರ್ಸ್ ಓನ್ಲಿ ಇಡಿ, ಅದೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ ಅಂತ ಲಿಂಕ್ಡ್‌ಇನ್ನೇ ಹೇಳತ್ತೆ.

ಬೆಂಗಳೂರಲ್ಲಿ ಭಾಷೆ ಜಗಳ, ಆಟೋ ಜಗಳ, ಪಾರ್ಕಿಂಗ್ ಜಗಳ ಯಾವ್ದೇ ವೈರಲ್ ಆಗ್ಲಿ, ಜನ ಮೊದಲು ಹುಡುಕೋದು ಇವ್ನು ಎಲ್ಲಿ ಕೆಲಸ ಮಾಡ್ತಾನೆ ಅಂತ, ಆಮೇಲೆ ಕಂಪನಿನ ಟ್ಯಾಗ್ ಮಾಡೋದು. ಅಂಥದ್ರಲ್ಲಿ ಸಿಕ್ಕಾಕೊಂಡ್ರೆ ಒಬ್ಬೊಬ್ರಿಗೂ ರಿಪ್ಲೈ ಮಾಡ್ತಾ ಕೂರಬೇಡಿ. ಮೊದಲು ಮ್ಯಾನೇಜರ್‌ಗೆ ನೀವೇ ಫೋನ್ ಮಾಡಿ ನಡೆದಿದ್ದು ನಡೆದ ಹಾಗೆ ಹೇಳಿ, ಬೇರೆಯವ್ರ ಬಾಯಿಂದ ಕೇಳೋ ಹಾಗಾಗ್ಬಾರ್ದು. ತಪ್ಪು ನಿಮ್ದಾಗಿದ್ರೆ 'ಯಾರಿಗಾದ್ರೂ ನೋವಾಗಿದ್ರೆ' ಅಂತೆಲ್ಲಾ ಸುತ್ತಿ ಬಳಸದೆ ಎರಡೇ ಸಾಲಲ್ಲಿ ಕ್ಷಮೆ ಕೇಳಿ, ಅಕೌಂಟ್ ಹ್ಯಾಕ್ ಆಗಿತ್ತು ಅಂತ ಸುಳ್ಳು ಮಾತ್ರ ಹೇಳ್ಬೇಡಿ.

ನಿಜವಾಗ್ಲೂ ನಿಮ್ಮ ಹೆಸರಲ್ಲಿ ಯಾರೋ ಫೇಕ್ ಪ್ರೊಫೈಲ್ ಮಾಡಿದ್ರೆ ರಿಪೋರ್ಟ್ ಒತ್ತೋ ಮುಂಚೆ ಅದರ ಲಿಂಕ್ ಕಾಪಿ ಮಾಡ್ಕೊಂಡು ಸ್ಕ್ರೀನ್‌ಶಾಟ್ ತಗೊಳ್ಳಿ, ಅಕೌಂಟ್ ಮಾಯ ಆದ್ರೆ ಸಾಕ್ಷಿನೂ ಮಾಯ. ಆಮೇಲೆ ರಿಪೋರ್ಟ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಲ್ಲಿ ದೂರು ಕೊಡಿ. ನಿಮ್ಮ ಹೆಸರು ಹೇಳಿ ಯಾರ ಹತ್ರನಾದ್ರೂ ದುಡ್ಡು ಕಿತ್ತಿದ್ರೆ ಕಳ್ಕೊಂಡೋರು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡ್ಲಿ. ದೂರಿನ ನಂಬರ್ ಸಮೇತ ಎಚ್‌ಆರ್‌ಗೆ ಒಂದು ಮೇಲ್ ಅವತ್ತೇ ಹಾಕಿಬಿಡಿ.