ಗ್ರಾಫಿಕ್ಸ್ ಕಾರ್ಡ್ ಇಲ್ದ ಸಿಸ್ಟಮ್‌ದಾಗ ಗೇಮ್ ಮೂವಿ: ನನ್ನ ಅನುಭವ

ಇದು ಕೌಂಟರ್ ಸ್ಟ್ರೈಕ್ 1.6 ಅಂಬೋ ಹಳೀ ಗುಂಡು ಹೊಡ್ಯೋ ಗೇಮ್ ಇನ್ನೂ ಬಿಡ್ಲಾರ್ದ ಮಂದಿಗಿ ಬರ್ದದ್ದು. ಆಡಿದ ಆಟದ್ದು ವಿಡಿಯೋ ತೆಗ್ದು ಜೋಡ್ಸಿದ್ರ ಅದೇ ಗೇಮ್ ಮೂವಿ. ಕನ್ಸೋಲ್ (ಗೇಮ್ ಒಳಗ ಕಮಾಂಡ್ ಬರ್ಯೋ ಜಾಗ) ಹೆಂಗ ತೆಗೀಬೇಕು, ಎಫ್‌ಎಫ್‌ಎಂಪೆಗ್ (ವಿಡಿಯೋ ಬದಲಿಸೋ ಸಾಫ್ಟ್‌ವೇರ್) ಎಲ್ಲಿಂದ ಇಳಿಸ್ಕೋಬೇಕು ಅಂತ ಕೇಳೋರಿದ್ರ ಅದನ್ನ ಬ್ಯಾರೆ ಕಡಿ ನೋಡ್ಕೊಳ್ರಿ, ಇಲ್ಲಿ ಹೇಳಂಗಿಲ್ಲ.

ಕಲಬುರ್ಗಿ ಸೂಪರ್ ಮಾರ್ಕೆಟ್ ಕಡಿ ನಾವು ಆಡೋ ಕೆಫೆದಾಗ ಎಲ್ರೂ ಒಂದೇ ಮಾತು ಹೇಳ್ಲತ್ತಿದ್ರು, ಕಾರ್ಡ್ ಇಲ್ದ ಗೇಮ್ ರೆಕಾರ್ಡ್ ಆಗಂಗಿಲ್ಲ ಬಿಡೋ ಅಂತ. ನಾ ಕೆಲ್ಸ ಮಾಡೋ ಸ್ಟುಡಿಯೋದ ಅಣ್ಣಾರು ಎಷ್ಟೋ ವರ್ಷದಿಂದ ಮದ್ವಿ ವಿಡಿಯೋ ಎಡಿಟ್ ಮಾಡ್ಲತ್ತಾರ, ಅವ್ರೂ ನಕ್ಕೊಂತ "ತಮ್ಮಾ, ಹದಿನಾಲ್ಕು ಸಾವಿರದ ಕಾರ್ಡ್ ತಗೋ, ಇಲ್ಲಂದ್ರ ಸುಮ್ನ ಕುಂಡ್ರು" ಅಂದ್ರು. ನನ್ ಸಿಸ್ಟಮ್ ಸೆಕೆಂಡ್ ಹ್ಯಾಂಡ್ ಐ3, 4 ಜಿಬಿ ರ್‍ಯಾಮ್, ಎಲ್ಲಾ ಸೇರಿ ಒಂಬತ್ತು ಸಾವಿರಕ್ಕ ತಂದದ್ದು, ಅದಕ್ಕ ಹದಿನಾಲ್ಕು ಸಾವಿರದ ಕಾರ್ಡ್ ಹಾಕೋದಂದ್ರ ಎತ್ತಿಗಿಂತ ಗಂಟಿ ಭಾರ ಆದಂಗ. ಈಗ ಅದೇ ಸಿಸ್ಟಮ್‌ದಾಗ ಮಾಡಿದ ಆರು ನಿಮಿಷದ ಮೂವಿ ಕೆಫೆದ ಟಿವಿದಾಗ ದಿನಾ ನಡೀತದ.

ಮೊದ್ಲು ಎಲ್ರಂಗ ನಾನೂ ಓಬಿಎಸ್ ಅಂಬೋ ಸ್ಕ್ರೀನ್ ರೆಕಾರ್ಡರ್ ಹಚ್ಚಿದೆ. ಗೇಮ್ ಒಂದೇ ಓಡ್ವಾಗ ಸೆಕೆಂಡಿಗೆ 100 ಫ್ರೇಮ್ ಬರ್ತಿತ್ತು, ರೆಕಾರ್ಡ್ ಒತ್ತಿದ ಕೂಡ್ಲೆ ನಲವತ್ತಕ್ಕ ಇಳೀತಿತ್ತು, ಕೆಳಗ ಎನ್‌ಕೋಡಿಂಗ್ ಓವರ್‌ಲೋಡ್ ಅಂತ ಕೆಂಪಗ ಬರೋದು, ಅಂದ್ರ ವಿಡಿಯೋ ಒತ್ತಿ ಸಣ್ದು ಮಾಡೋ ಕೆಲ್ಸ ಸಿಪಿಯುಗಿ ಭಾರ ಅಂತ. ಪ್ರೀಸೆಟ್ ಅಲ್ಟ್ರಾಫಾಸ್ಟ್‌ಗೆ ಹಾಕಿದ್ರ ಆಟ ನಡೀತಿತ್ತು, ಆದ್ರ ಡಸ್ಟ್2 ಮ್ಯಾಪಿನ ಗ್ವಾಡಿ ಎಲ್ಲಾ ಕಲಸಿದ ಹಿಟ್ಟು. ಫ್ರಾಪ್ಸ್ ಅಂಬೋ ಇನ್ನೊಂದ್ ರೆಕಾರ್ಡರ್ ನೋಡಿದೆ, ಫ್ರೀ ವರ್ಷನ್‌ದಾಗ 30 ಸೆಕೆಂಡ್ ಅಷ್ಟೇ, ಮ್ಯಾಲ ಹೆಸರಿನ ಛಾಪ ಬ್ಯಾರೆ. ಸ್ಟುಡಿಯೋ ಕ್ಯಾಮೆರಾನೇ ಮಾನಿಟರ್ ಮುಂದ ಇಟ್ಟು ಹೊಡ್ದೆ, ಸ್ಕ್ರೀನ್ ಮ್ಯಾಲ ಕರಿ ಪಟ್ಟಿ ಓಡಾಡ್ತಾವ. ಒಬ್ಬ ದೋಸ್ತ ಕ್ಯಾಪ್ಚರ್ ಕಾರ್ಡ್ ಬಾಡಿಗಿಗಿ ಕೊಡಿಸ್ದ, ಅದಕ್ಕ ಐನೂರು ಹೋಯ್ತು, ಅದು ತಗೊಂಡದ್ದನ್ನ ಎನ್‌ಕೋಡ್ ಮಾಡೋದೂ ಮತ್ತ ಅದೇ ಬಡ ಐ3!

ಆಮ್ಯಾಲ ತೆಲಿಗಿ ಹೊಳೀತು, ಆಡೋ ಟೈಮ್‌ದಾಗೇ ವಿಡಿಯೋ ಯಾಕ ತಗೀಬೇಕು? 1.6ದಾಗ ಡೆಮೊ ಅದಲ್ಲ. ಕನ್ಸೋಲ್‌ದಾಗ ರೆಕಾರ್ಡ್ ಅಂತ ಬರ್ದು ಹೆಸರು ಕೊಟ್ರ ಮುಗೀತು, ಯಾರ್ ಎಲ್ಲಿ ನಿಂತ್ರು, ಎಲ್ಲಿ ಹೊಡದ್ರು ಅಂಬೋ ಲೆಕ್ಕ ಅಷ್ಟೇ ಬರ್ಕೋತದ, ಚಿತ್ರ ಅಲ್ಲ. ಒಂದ್ ಪೂರಾ ಮ್ಯಾಚ್ 20 ಎಂಬಿ ಆಸುಪಾಸು. ಆಡೋರಿಗಿ ಒಂದ್ ಫ್ರೇಮೂ ಕಡಿಮಿ ಆಗಂಗಿಲ್ಲ, ಹಂಗಾಗಿ ಅವ್ರು ತಕರಾರು ಮಾಡಂಗಿಲ್ಲ. ಮನಿಗಿ ತಂದು ಪ್ಲೇಡೆಮೊ ಹಚ್ಚಿ, ಸ್ಟಾರ್ಟ್‌ಮೂವಿ ಅಂತ ಕೊಟ್ಟು ಫ್ರೇಮ್ ರೇಟ್ ಹೇಳಿದ್ರ ಗೇಮ್ ಒಂದೊಂದೇ ಫ್ರೇಮ್ ಬಿಎಂಪಿ ಚಿತ್ರ ಮಾಡಿ ಡಿಸ್ಕಿನ್ಯಾಗ ಒಗೀತದ. ಡಿಸ್ಕ್ ಬರ್ಯೋತನಕ ಗೇಮೇ ಕಾಯ್ತದ, ಇದೇ ಇದರ ಜೀವ. ನನ್ ಸಿಸ್ಟಮ್ ಸೆಕೆಂಡಿಗೆ ಎಂಟೋ ಹತ್ತೋ ಫ್ರೇಮ್ ತೆಗೀತಿತ್ತು, ಸ್ಕ್ರೀನ್ ಮ್ಯಾಲ ನೋಡಿದ್ರ ಕುಂಟ್ಕೊಂತ ಹೊಂಟದ, ಅದನ್ನ ನೋಡೇ ಹುಡುಗ್ರು ಹೊಟ್ಟಿ ಹಿಡ್ಕೊಂಡು ನಕ್ಕಿದ್ರು. ಕಡೀಗಿ ಎಲ್ಲಾ ಫ್ರೇಮ್ ಜೋಡಿಸಿ ಓಡಿಸ್ದಾಗ ಬೆಣ್ಣಿ.

ಸೆಕೆಂಡಿಗೆ 60 ಫ್ರೇಮ್ ಬಿಟ್ಟು 50 ಯಾಕ ಇಟ್ಟಿ ಅಂತ ಎಲ್ರೂ ಕೇಳ್ತಾರ. ಆಡೋ ಹುಡುಗ್ರ ಮಾರಿ ಸ್ಟುಡಿಯೋ ಕ್ಯಾಮೆರಾದಾಗ 50ಕ್ಕ ಹೊಡ್ದಿದ್ದೆ, ನಮ್ಮ ಕರೆಂಟ್ 50 ಹರ್ಟ್ಜ್, ಕೆಫೆದ ಟ್ಯೂಬ್‌ಲೈಟ್ ಕೆಳಗ 60ಕ್ಕ ಹೊಡದ್ರ ಮಿಣಮಿಣ ಅಂತದ. ಗೇಮ್ 60, ಕ್ಯಾಮೆರಾ 50 ಒಂದೇ ಟೈಮ್‌ಲೈನ್‌ದಾಗ ಹಾಕಿದ್ರ ಯಾವ್ದೋ ಒಂದು ಜರ್ಕ್ ಹೊಡೀತದ. ಡೆಮೊದಾಗ ನಾ ಕೇಳಿದ ರೇಟಿಗೇ ಫ್ರೇಮ್ ಕೊಡ್ತದ, ಹದಿನಾಲ್ಕು ಸಾವಿರದ ಕಾರ್ಡ್ ಇದ್ದೋರೂ ಲೈವ್ 60ಕ್ಕ ತಗೊಂಡಿದ್ರ ಇಷ್ಟು ಬರಾಬರ್ ಕೂಡ್ಸಲಿಕ್ಕೆ ಆಗಂಗಿಲ್ಲ. ಅಣ್ಣಾರಿಗಿ ಇದೊಂದ್ ಮಾತು ಹೇಳ್ದಾಗ ಸುಮ್ನ ಆದ್ರು.

ಇನ್ನ ಡಿಸ್ಕಿನ ಜಾಗ, ರೊಕ್ಕದ ವಿಷಯ. 1280 ಬೈ 720 ಬಿಎಂಪಿ ಒಂದಕ್ಕ 2.7 ಎಂಬಿ ಚಿಲ್ಲರ, 50ರಂಗ ಒಂದ್ ನಿಮಿಷಕ್ಕ 8 ಜಿಬಿ ದಾಟ್ತದ. ಹಳೀ ಹಾರ್ಡ್ ಡಿಸ್ಕ್ ಸಾಯ್ಲತ್ತಿತ್ತು, 240 ಜಿಬಿ ಎಸ್‌ಎಸ್‌ಡಿ ಸಾವಿರದ ಎಂಟುನೂರಕ್ಕ ತಂದೆ. ಅಗ್ಗದ ಎಸ್‌ಎಸ್‌ಡಿ ತುಂಬ್ತಾ ಬಂದಂಗ ಮೆತ್ತಗಾಗ್ತದ, ಅದಕ್ಕ 20-30 ಸೆಕೆಂಡಿನ ತುಂಡು ತಗ್ಯೋದು, ಕೂಡ್ಲೆ ಚಿತ್ರ ಕೆಡಿಸ್ದೇ ಸಣ್ದು ಮಾಡೋ ಯುಟಿ ವಿಡಿಯೋ ಲಾಸ್‌ಲೆಸ್ ಮಾಡೋದು, ಬಿಎಂಪಿ ಅಳಿಸೋದು. ಬಿಎಂಪಿ ಫೋಲ್ಡರ್ ಎಕ್ಸ್‌ಪ್ಲೋರರ್‌ದಾಗ ಥಂಬ್‌ನೇಲ್ ಹಚ್ಚಿ ತೆಗೀಬ್ಯಾಡ್ರಿ, ಚಾ ಕುಡ್ದು ಬಂದ್ರೂ ತೆರ್ದಿರಂಗಿಲ್ಲ. ಬ್ಯಾಸ್ಗಿದಾಗ ಕರೆಂಟ್ ಹೋಗೋದು ಇದ್ದದ್ದೇ, ಲೈವ್ ತಗೊಂಡ ಸಾದಾ ಎಂಪಿ4 ಆಗಿದ್ರ ಪೂರಾ ಫೈಲ್ ಕೆಡ್ತದ, ಇಲ್ಲಿ ತೆಗ್ದ ಫ್ರೇಮ್ ಹಂಗೇ ಇರ್ತಾವ, ಹೆಚ್ಚಂದ್ರ ಕಡೀದೊಂದು ಅರ್ಧ ಆಗಿರ್ತದ. ಆದ್ರೂ ಹಳೀ ಯುಪಿಎಸ್‌ಗಿ ಬ್ಯಾಟರಿ ಹಾಕಿಸ್ದೆ, ಅದಕ್ಕೊಂದು ಸಾವಿರ ಚಿಲ್ಲರ. ಮೇ ತಿಂಗ್ಳ ಮಧ್ಯಾಹ್ನ ಎನ್‌ಕೋಡ್ ಹಚ್ಚಿದ್ರ ಸಿಪಿಯು ಕಾದು ತಾನೇ ಸ್ಪೀಡ್ ಇಳಿಸ್ಕೋತದ, ಹಂಗಾಗಿ ಎನ್‌ಕೋಡ್ ಏನಿದ್ರೂ ರಾತ್ರಿ ಹನ್ನೊಂದರ ಮ್ಯಾಲ, ಮಾಳಿಗಿ ಮ್ಯಾಲ ಮಲ್ಕೋಳಿಕ್ಕೆ ಹೋಗೋಕಿಂತ ಮೊದ್ಲು.

ಆವಾಜ್ ಸ್ಟಾರ್ಟ್‌ಮೂವಿದಾಗ ಬರಂಗಿಲ್ಲ. ಮೊದ್ಲಿನ ತುಂಡುಗಳಿಗಿ ಡೆಮೊ ಮತ್ತೊಮ್ಮಿ ಸೀದಾ ಓಡಿಸಿ ಆಡಾಸಿಟಿ ಅಂಬೋ ಆವಾಜ್ ರೆಕಾರ್ಡರ್‌ದಾಗ ತಗೊಂಡು, ಎಡಬ್ಲ್ಯುಪಿ ಬಂದೂಕಿನ ಗುಂಡಿನ ಸಪ್ಪಳಕ್ಕ ಕೂಡಿಸ್ದೆ, ಜೀವ ಹೋಯ್ತು. ಆಮ್ಯಾಲ ಎಚ್‌ಎಲ್‌ಎಇ ಹಚ್ಚಿದೆ, ಅದು ಫ್ರೇಮ್ ಜೋಡಿ ವೇವ್ ಫೈಲೂ ಕೊಡ್ತದ. ಆದ್ರ ಅದು ಗೇಮ್‌ದಾಗ ಕೈ ಹಾಕೋ ಸಾಫ್ಟ್‌ವೇರ್, ಅದನ್ನ ಹಚ್ಚಿ ವ್ಯಾಕ್ ಸರ್ವರಿಗಿ ಹೋಗ್ಬ್ಯಾಡ್ರಿ, ವ್ಯಾಕ್ ಅಂದ್ರ ಮೋಸದಾಟ ಹಿಡ್ಯೋ ಪಹರೆ, ಅಕೌಂಟ್ ಬ್ಯಾನ್ ಆದ್ರ ನನ್ ಹೆಸರು ಹೇಳ್ಬ್ಯಾಡ್ರಿ.

ಎನ್‌ಕೋಡ್ ಎಕ್ಸ್264, ಸಿಆರ್‌ಎಫ್ 17 (ಅಂಕಿ ಕಡಿಮಿ ಆದಷ್ಟು ಚಿತ್ರ ಚಲೋ), ಪ್ರೀಸೆಟ್ ಸ್ಲೋವರ್. ಎಲ್ಲಕ್ಕಿಂತ ನಿಧಾನದ ಪ್ರೀಸೆಟ್ ಪ್ಲಾಸಿಬೋ ಹಾಕಿ ನೋಡೀನಿ, ರಾತ್ರಿ ಪೂರಾ ಹೋಯ್ತು, ಕಣ್ಣಿಗಿ ಏನೂ ಫರಕ್ ಇಲ್ಲ. ಇಲ್ಲಿ ಎರಡ್ ಕಡಿ ಮಂದಿ ಬೀಳ್ತಾರ. ಬಿಎಂಪಿ ಅಂದ್ರ ಆರ್‌ಜಿಬಿ, ಪಿಕ್ಸೆಲ್ ಫಾರ್ಮ್ಯಾಟ್ ಹೇಳ್ದೇ ಬಿಟ್ರ ಎಫ್‌ಎಫ್‌ಎಂಪೆಗ್ 444 (ಪ್ರತಿ ಪಿಕ್ಸೆಲ್ಲಿಗೂ ಪೂರಾ ಬಣ್ಣ) ಮಾಡಿ ಕೊಡ್ತದ, ಕಂಪ್ಯೂಟರ್‌ದಾಗ ಚಂದ ಓಡ್ತದ, ಭಾಳಷ್ಟು ಫೋನಿನ್ಯಾಗ, ಟಿವಿದಾಗ ಆವಾಜ್ ಅಷ್ಟೇ, ಚಿತ್ರ ಇಲ್ಲ. ಕೆಫೆ ಟಿವಿದಾಗ ಮೊದಲ್ನೇ ದಿನ ಹಂಗೇ ಆಯ್ತು, ಮತ್ತ ನಗಿ. ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ 420 ಅಂತ ಹೇಳ್ಬೇಕು. ಎರಡ್ನೇದು ಬಣ್ಣ. ಏನೂ ಹೇಳ್ದೇ ಬಿಟ್ರ ಎಫ್‌ಎಫ್‌ಎಂಪೆಗ್ 601 ಅಂಬೋ ಹಳೀ ಟಿವಿ ಬಣ್ಣದ ಲೆಕ್ಕಕ್ಕ ಬದಲಿಸ್ತದ, ಎಚ್‌ಡಿ ಪ್ಲೇಯರ್ 709 ಅಂಬೋ ಎಚ್‌ಡಿ ಲೆಕ್ಕ ಅಂತ ತಿಳ್ಕೋತದ, ರಕ್ತ ಕಿತ್ತಳಿ ಕಡಿ ಹೊಳ್ಳತದ. ಸ್ಕೇಲ್ ಮಾಡೋವಾಗೇ 709 ಹೇಳಿ, ಫೈಲ್ ಮ್ಯಾಲೂ ಅದೇ ಗುರ್ತು ಹಾಕ್ಬೇಕು. ಯೂಟ್ಯೂಬಿಗಿ ಹಾಕೋದು ಮಾತ್ರ 1440ಕ್ಕ ಏರಿಸಿ ಹಾಕ್ತೀನಿ, ಅವ್ರು ವಿಪಿ9 ಅಂಬೋ ಚಲೋ ಕೋಡೆಕ್ ಕೊಡ್ತಾರ, 720 ಹಂಗೇ ಹಾಕಿದ್ರ ಡಸ್ಟ್2 ಮತ್ತ ಹಿಟ್ಟು. ಆಜ್ಟೆಕ್ ಮ್ಯಾಪ್‌ದಾಗ ಮಳಿ ಬರ್ತದಲ್ಲ, ಅದೇ ಸಿಆರ್‌ಎಫ್‌ಗೆ ಫೈಲ್ ಹತ್ತತ್ರ ಡಬಲ್ ಆಯ್ತು.

ನಡುವ ಒಂದ್ ಹುಚ್ಚು ಮಾಡ್ದೆ. 400 ಫ್ರೇಮಿಗಿ ತೆಗ್ದು ಎಂಟೆಂಟು ಕೂಡಿಸಿ 50 ಮಾಡಿದ್ರ ಸಿನಿಮಾದಂಗ ಬ್ಲರ್ ಬರ್ತದ, ಎಫ್‌ಎಫ್‌ಎಂಪೆಗ್‌ನ ಟಿಮಿಕ್ಸ್ ಫಿಲ್ಟರ್ ಹಚ್ಚಿ, ಎಂಟರಾಗ ಒಂದ್ ಫ್ರೇಮ್ ಇಟ್ಕೊಂಡ್ರ ಸಾಕು. ಆದ್ರ ಅರ್ಧ ನಿಮಿಷಕ್ಕ 33 ಜಿಬಿ! ಫ್ಲಿಕ್ ಶಾಟ್ (ಗಕ್ಕನ ತಿರುಗಿ ಹೊಡ್ಯೋದು) ಇದ್ದಲ್ಲಿ ಅಷ್ಟೇ ಹಾಕೀನಿ. ಇನ್ನೊಂದು, ಡಾಸ್‌ಬಾಕ್ಸ್‌ದಾಗ (ಹಳೀ ಡಾಸ್ ಗೇಮ್ ಓಡ್ಸೋ ಸಾಫ್ಟ್‌ವೇರ್) ನಮ್ಮ ಸಾಲಿ ಲ್ಯಾಬಿನ ಡೇಂಜರಸ್ ಡೇವ್ ಗೇಮ್. ಕಂಟ್ರೋಲ್ ಆಲ್ಟ್ ಎಫ್5 ಒತ್ತಿದ್ರ ಲಾಸ್‌ಲೆಸ್ ರೆಕಾರ್ಡ್ ಆಗ್ತದ, ಆವಾಜ್ ಸಮೇತ, ಫೈಲ್ ಭಾಳ ಸಣ್ದು. 320 ಬೈ 200 ಇರೋದನ್ನ 1600 ಬೈ 1200 ಮಾಡ್ರಿ, ಅಡ್ಡ ಐದು ಪಟ್ಟು, ಉದ್ದ ಆರು ಪಟ್ಟು, ನೇಬರ್ ಸ್ಕೇಲಿಂಗ್. ಪಿಕ್ಸೆಲ್ ಕತ್ತಿಲೆ ಕೊಯ್ದಂಗ ಬರ್ತಾವ, 4:3ನೂ ಬರಾಬರ್. ಇದಕ್ಕ ಮೂವಿಗಿಂತ ಹೆಚ್ಚು ಮಂದಿ ಲೈಕ್ ಒತ್ಯಾರ, ಸಿಟ್ಟು ಬರ್ತದ.

ಕೆಫೆದೋರು ಮೂವಿಗಿ ಮೂರು ಸಾವಿರ ಕೊಟ್ರು, ಎಸ್‌ಎಸ್‌ಡಿ, ಬ್ಯಾಟರಿ ಖರ್ಚು ಅಲ್ಲಿಗಲ್ಲಿಗಿ ಆಯ್ತು. ಎಚ್‌ಎಲ್‌ಟಿವಿ (ಮ್ಯಾಚ್ ನೋಡೋರಿಗಿ ಇರೋ ಸರ್ವರ್) ಡೆಮೊದಾಗ ಯಾರ ಕಣ್ಣಿಂದ ಬೇಕಾದ್ರೂ ನೋಡಬಹುದು, ಆದ್ರ ನಿಶಾನಿ ಜಿಗೀತದ, ಆಡಿದೋನೇ ಮಾಡ್ಕೊಂಡ ಡೆಮೊದಷ್ಟು ನುಣ್ಣಗ ಇರಂಗಿಲ್ಲ. ಅದನ್ನ ನುಣ್ಣಗ ಮಾಡ್ಲಿಕ್ಕೆ ಇಂಟರ್ಪ್ (ನಡುವಿನ ಚಲನೆ ತುಂಬೋ ಸೆಟ್ಟಿಂಗ್) ಎಷ್ಟು ಇಟ್ಟೀನಿ ಅಂತ ಕೇಳ್ಬ್ಯಾಡ್ರಿ, ಅದು, ಮತ್ತ ಡಸ್ಟ್2ಕ್ಕ ಹಾಕಿದ ಕಲರ್ ಕರ್ವ್ ನನ್ ಹತ್ರೇ ಇರ್ಲಿ. ಮುಂದಿನ ಟೂರ್ನಮೆಂಟಿಗಿ ಎಲ್ರೂ ಡೆಮೊ ನೀವೇ ಮಾಡ್ಕೊಂಡು ಪೆನ್‌ಡ್ರೈವ್‌ದಾಗ ತರ್ರಿ, ಫೈಲಿಗಿ ನಿಮ್ ಹೆಸರು, ಮ್ಯಾಪು, ಎಷ್ಟ್ನೇ ರೌಂಡ್ ಚಲೋ ಆಗ್ಯಾದ ಅನ್ನೋದು ಬರೀರಿ. ಟೆಸ್ಟ್1, ಟೆಸ್ಟ್2 ಅಂತ ಹೆಸರಿಟ್ಟು ತಂದ್ರ ವಾಪಸ್ ಕಳಿಸ್ತೀನಿ.