ಮೆಟ್ಟಿಲಿನ ಫೋಟೋ ತಂದ ಗಿರಾಕಿಗಳು

"ಮೇಡಂ, ಮ್ಯಾಪ್ ನೋಡಿಕೊಂಡೇ ಬಂದೆವು. ಇಲ್ಲಿ ನೋಡಿದರೆ ಹಿಟ್ಟಿನ ಗಿರಣಿ ಇದೆ."

2018ರ ಬೇಸಿಗೆಯ ಒಂದು ಮಧ್ಯಾಹ್ನ ಫೋನಿನಲ್ಲಿ ಹೀಗೆ ಹೇಳಿದವರು ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋ ತೆಗೆಸಲು ಬಂದಿದ್ದ ತಂದೆ. ನನ್ನ ಸ್ಟುಡಿಯೋ ಇರುವುದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮೊದಲ ಮಹಡಿಯಲ್ಲಿ. ಕೆಳಗೆ ಬಟ್ಟೆ ಅಂಗಡಿ. ಅದರ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಬರಬೇಕು. ಗೂಗಲ್ ನಕ್ಷೆಯಲ್ಲಿ ಯಾರೋ ನಮ್ಮ ಹೆಸರು ಸೇರಿಸಿ, ಗುರುತನ್ನು ಹಿಂದಿನ ಬೀದಿಯಲ್ಲಿ ಇಟ್ಟಿದ್ದರು. ನಾನು ಓಡಿಹೋಗಿ ಅವರನ್ನು ಕರೆತರುವಷ್ಟರಲ್ಲಿ ಮಗು ಅತ್ತೂ ಅತ್ತೂ ಅಮ್ಮನ ಹೆಗಲ ಮೇಲೆ ನಿದ್ದೆಹೋಗಿತ್ತು. ಹೊಸ ಅಂಗಿಯೆಲ್ಲ ಬೆವರು. ಅಂದು ಫೋಟೋ ಆಗಲಿಲ್ಲ, ಅವರು ಮತ್ತೆ ಬರಲೂ ಇಲ್ಲ.

ಅಲ್ಲಿಯವರೆಗೆ ನಕ್ಷೆಯಲ್ಲಿ ನನ್ನ ಅಂಗಡಿ ಇದೆಯೋ ಇಲ್ಲವೋ ಎಂದು ನಾನು ನೋಡಿಯೇ ಇರಲಿಲ್ಲ. ಅದೇ ರಾತ್ರಿ ಕುಳಿತು "ಈ ವ್ಯವಹಾರ ನಿಮ್ಮದೇ?" ಎಂಬ ಸಾಲನ್ನು ಒತ್ತಿದೆ. ಅಂಗಡಿಯವರು ನಕ್ಷೆಯಲ್ಲಿನ ತಮ್ಮ ವಿವರಗಳನ್ನು ತಾವೇ ನೋಡಿಕೊಳ್ಳುವ ಆ ಸೇವೆಯ ಹೆಸರು ಆಗ ಗೂಗಲ್ ಮೈ ಬಿಸಿನೆಸ್. 2021ರ ನವೆಂಬರಿನಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಆಗಿದೆ. ಎರಡು ವಾರ ಕಾದ ಮೇಲೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಅದರಲ್ಲಿದ್ದ ಐದು ಅಂಕಿಗಳನ್ನು ತುಂಬಿದಾಗ ನಮ್ಮ ಸ್ಟುಡಿಯೋದ ವಿವರಗಳ ಪಟ್ಟಿ ನನ್ನ ಕೈಗೆ ಸೇರಿತು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಮೊದಲು ಮಾಡಿದ ಕೆಲಸ, ಗುರುತನ್ನು ಬೆರಳಿನಿಂದ ಎಳೆದು ಸರಿಯಾಗಿ ಆ ಮೆಟ್ಟಿಲಿನ ಬುಡದಲ್ಲಿ ಇಟ್ಟದ್ದು.

ಆಮೇಲೆ ಎಲ್ಲ ಫೋಟೋಗ್ರಾಫರುಗಳೂ ಮಾಡುವುದನ್ನೇ ನಾನೂ ಮಾಡಿದೆ. ಕೂಡ್ಲಿಯ ಸಂಗಮದಲ್ಲಿ ಬೆಳಗಿನ ಮಂಜಿನಲ್ಲಿ ತೆಗೆದ ಪ್ರಿ ವೆಡ್ಡಿಂಗ್ ಚಿತ್ರಗಳು, ಡ್ರೋನಿನಿಂದ ತೆಗೆದ ಕವಲೇದುರ್ಗ, ಧಾರೆಯ ಹೊತ್ತಿನ ವಧುವಿನ ಕಣ್ಣು. ನನ್ನ ಅತ್ಯುತ್ತಮ ಕೆಲಸವನ್ನೆಲ್ಲ ಏರಿಸಿದೆ. ಹೊಗಳಿಕೆ ಬಂತು, ಗಿರಾಕಿ ಬರಲಿಲ್ಲ.

ಕಾರಣ ತಿಳಿದದ್ದು ನನ್ನ ಆರ್ಡರ್ ಪುಸ್ತಕದಿಂದ. ಬಂದವರನ್ನೆಲ್ಲ "ನಮ್ಮ ಸ್ಟುಡಿಯೋ ಹೇಗೆ ಗೊತ್ತಾಯಿತು?" ಎಂದು ಕೇಳಿ, ಹೆಸರಿನ ಪಕ್ಕ ಒಂದಕ್ಷರ ಬರೆಯುವ ಅಭ್ಯಾಸ ಇಟ್ಟುಕೊಂಡೆ. ನೆಂಟರು ಹೇಳಿದ್ದರೆ 'ನೆ', ರಸ್ತೆಯ ಬೋರ್ಡು ನೋಡಿದ್ದರೆ 'ಬೋ', ಮೊಬೈಲಿನಲ್ಲಿ ಹುಡುಕಿದ್ದರೆ 'ಮೊ'. ಮೂರು ತಿಂಗಳ ನಂತರ ಪುಟ ತಿರುವಿದಾಗ ಒಂದು ವಿಷಯ ಎದ್ದು ಕಂಡಿತು. ಮದುವೆಯ ಆರ್ಡರುಗಳ ಪಕ್ಕ ಬಹುತೇಕ 'ನೆ' ಇತ್ತು. 'ಮೊ' ಇದ್ದದ್ದೆಲ್ಲ ಪಾಸ್‌ಪೋರ್ಟ್ ಫೋಟೋ, ಹಳೆಯ ಫೋಟೋದ ರಿಪೇರಿ, ಅರ್ಜೆಂಟ್ ಪ್ರಿಂಟ್‌ಗಳಲ್ಲಿ.

ಯೋಚಿಸಿದರೆ ಇದು ಸಹಜವೇ. ನಮ್ಮ ಕಡೆ ಮದುವೆ ಮನೆಯವರು ಫೋಟೋಗ್ರಾಫರನ್ನು ಮೊದಲು ಹುಡುಕುವುದು ಮೊಬೈಲಿನಲ್ಲಿ ಅಲ್ಲ, ಕಳೆದ ವರ್ಷ ಮದುವೆ ಮಾಡಿದ ಚಿಕ್ಕಮ್ಮನ ಮನೆಯ ಆಲ್ಬಮ್ಮಿನಲ್ಲಿ. ಮೊಬೈಲಿನಲ್ಲಿ ಹುಡುಕುವವರು ಅವಸರದಲ್ಲಿ ಇರುವವರು. ಅಂಗಡಿ ಈಗ ತೆರೆದಿದೆಯೇ, ಎಷ್ಟು ದೂರ, ನನಗೆ ಬೇಕಾದ ಅಳತೆಯ ಫೋಟೋ ಅಲ್ಲಿ ಸಿಗುತ್ತದೆಯೇ? ಅವರಿಗೆ ಬೇಕಾದದ್ದು ಇಷ್ಟೇ. ಸ್ಥಳೀಯ ಹುಡುಕಾಟದಲ್ಲಿ ಯಾರನ್ನು ಮೇಲೆ ತೋರಿಸಬೇಕೆಂದು ತೀರ್ಮಾನಿಸಲು ಗೂಗಲ್ ತಾನೇ ಹೇಳಿಕೊಂಡಿರುವ ಅಂಶಗಳು ಮೂರು: ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹತ್ತಿರ, ಎಷ್ಟು ಹೆಸರುವಾಸಿ. ಹತ್ತಿರವನ್ನು ನಾನು ಬದಲಿಸಲಾರೆ, ಹೆಸರು ಒಂದೇ ದಿನಕ್ಕೆ ಬರುವಂಥದ್ದಲ್ಲ. ಹೊಂದಿಕೆಯೊಂದೇ ನನ್ನ ಕೈಯಲ್ಲಿತ್ತು.

ಹಾಗಾಗಿ ಪಟ್ಟಿಯನ್ನು ಮೊದಲಿನಿಂದ ಬರೆದೆ. ಅಂಗಡಿ ಯಾವ ಬಗೆಯದೆಂದು ಹೇಳುವ ಮುಖ್ಯ ವರ್ಗ ಒಂದು, ಹೆಚ್ಚುವರಿಯಾಗಿ ಒಂಬತ್ತರವರೆಗೆ ಸೇರಿಸಬಹುದು. ನಾನು ಮಾಡುವ ಕೆಲಸಕ್ಕೆ ತಕ್ಕಂತೆ ನಾಲ್ಕನ್ನು ಮಾತ್ರ ಇಟ್ಟುಕೊಂಡೆ. ಸೇವೆಗಳ ಜಾಗದಲ್ಲಿ "ಎಲ್ಲ ಬಗೆಯ ಫೋಟೋಗಳು" ಎಂದಿದ್ದ ಸಾಲನ್ನು ಅಳಿಸಿ ಒಂದೊಂದನ್ನೂ ಬಿಡಿಸಿ ಹೇಳಿದೆ: 35×45 ಮಿ.ಮೀ. ಫೋಟೋ, ಅಮೆರಿಕ ವೀಸಾಕ್ಕೆ 2×2 ಅಂಗುಲದ ಫೋಟೋ, ಸೀಮಂತ, ನಾಮಕರಣ, ಗೃಹಪ್ರವೇಶ, ಮಸುಕಾದ ಹಳೆಯ ಫೋಟೋ ಸರಿಪಡಿಸುವುದು. ವಿವರಣೆಗೆ 750 ಅಕ್ಷರಗಳ ಮಿತಿ ಇದೆ. ಅದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದೆ. ಊರಿನ ಇಂಗ್ಲಿಷ್ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಗಿದ್ದರೂ ಹೊರಗಿರುವ ನಮ್ಮವರ ಬೆರಳು ಇನ್ನೂ 'ಶಿಮೊಗ' ಎಂದೇ ಒತ್ತುತ್ತದೆ. ಅದಕ್ಕೆ ಎರಡು ಹೆಸರುಗಳನ್ನೂ ಒಂದೇ ಸಾಲಿನಲ್ಲಿ ತಂದೆ.

ಆ 2×2 ಅಂಗುಲದ ಸಾಲು ನನ್ನ ದುಡಿಮೆಯ ದಾರಿಯನ್ನೇ ತಿರುಗಿಸಿತು.

ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ಹೊರಡುವ ತಂದೆತಾಯಿಗೆ ವೀಸಾ ಫೋಟೋ ಬೇಕು. ಅದರ ನಿಯಮ ಕಟ್ಟುನಿಟ್ಟು: ಹಿನ್ನೆಲೆ ಬಿಳಿ, ಆರು ತಿಂಗಳೊಳಗೆ ತೆಗೆದದ್ದು, ಗಲ್ಲದಿಂದ ನೆತ್ತಿಯವರೆಗೆ ತಲೆಯ ಎತ್ತರ ಚಿತ್ರದ ಎತ್ತರದಲ್ಲಿ ಶೇಕಡ 50ರಿಂದ 69ರಷ್ಟು, ಆನ್‌ಲೈನ್ ಅರ್ಜಿಗೆ ಹಾಕುವ ಪ್ರತಿ 240 ಕೆಬಿ ದಾಟಬಾರದು. 2016ರ ನವೆಂಬರಿನಿಂದ ಕನ್ನಡಕವೂ ಇರಕೂಡದು. ಮಗಳು ಅಲ್ಲಿಂದಲೇ ಮೊಬೈಲಿನಲ್ಲಿ ಹುಡುಕಿ, ನಮ್ಮ ಸ್ಟುಡಿಯೋದ ಕೊಂಡಿಯನ್ನು ಅಪ್ಪನ ವಾಟ್ಸ್ಆ್ಯಪ್‌ಗೆ ಕಳುಹಿಸುತ್ತಾಳೆ. ಗಿರಾಕಿ ಇರುವುದು ತೀರ್ಥಹಳ್ಳಿಯಲ್ಲಿ, ಹುಡುಕುವವರು ಇರುವುದು ಸಮುದ್ರದಾಚೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಹಾಗೆ ಬಂದ ಒಬ್ಬ ನಿವೃತ್ತ ಮೇಷ್ಟ್ರು ಕನ್ನಡಕ ತೆಗೆಯಲು ಒಪ್ಪಲಿಲ್ಲ. "ಇದಿಲ್ಲದೆ ನನ್ನ ಮುಖ ನನಗೇ ಗುರುತು ಸಿಗುವುದಿಲ್ಲವಮ್ಮ" ಎಂದರು. ಅವರ ಮನೆಯವರು ಪಕ್ಕದಲ್ಲಿ ನಿಂತು, "ತೆಗೆಯಿರಿ, ಮೊಮ್ಮಗುವಿನ ಮುಖ ನೋಡುವಾಗ ಹಾಕಿಕೊಳ್ಳುವಿರಂತೆ" ಎಂದು ತಾವೇ ಮೆಲ್ಲನೆ ತೆಗೆದರು. ಮೂಗಿನ ಮೇಲೆ ಕನ್ನಡಕದ ಎರಡು ಕೆಂಪು ಗುರುತು ಉಳಿದಿದ್ದವು. ಅವು ಮಾಯವಾಗಲೆಂದು ಹತ್ತು ನಿಮಿಷ ಕೂರಿಸಿ, ಕಾಫಿ ತರಿಸಿ, ಆಮೇಲೆ ಫೋಟೋ ತೆಗೆದೆ. ಕೆಲವು ದಿನಗಳ ನಂತರ ಆ ಮಗಳು ನಮ್ಮ ಪಟ್ಟಿಯಲ್ಲಿ ಕನ್ನಡದಲ್ಲಿಯೇ ಅಭಿಪ್ರಾಯ ಬರೆದರು. ಕನ್ನಡಕದ ಗುರುತು, ಕಾಫಿ, ಅಪ್ಪನ ಹಟ, ಎಲ್ಲ ಅದರಲ್ಲಿತ್ತು. ಅದನ್ನು ಓದಿಕೊಂಡು ಬಂದೆವು ಎಂದು ಹೇಳಿದವರು ಒಬ್ಬಿಬ್ಬರಲ್ಲ. ಎರಡು ವರ್ಷಕ್ಕೆ ಅದೇ ಮೇಷ್ಟ್ರು ಮಗನ ಲಗ್ನಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿದರು. ಆ ಆರ್ಡರಿನ ಪಕ್ಕ ಯಾವ ಅಕ್ಷರ ಬರೆಯಬೇಕೆಂದು ತಿಳಿಯದೆ 'ಮೊ', 'ನೆ' ಎರಡನ್ನೂ ಬರೆದೆ.

ಅಭಿಪ್ರಾಯ ಬರೆಯಿರಿ ಎಂದು ನಾನು ಬಾಯಿಬಿಟ್ಟು ಕೇಳುತ್ತೇನೆ. ಆಲ್ಬಮ್ ಕೈಗಿಟ್ಟು, ಮೊದಲ ಪುಟ ತಿರುವಿ, ಅವರ ಮುಖ ಅರಳಿದಾಗಲೇ ಕೇಳಬೇಕು. ಮನೆಗೆ ಹೋದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಬರೆದರೆ ರಿಯಾಯಿತಿ ಕೊಡುತ್ತೇನೆ ಎನ್ನುವುದು ನಿಯಮಕ್ಕೆ ವಿರುದ್ಧ, ನನ್ನ ಮನಸ್ಸಿಗೂ ಒಗ್ಗದು. ಒಮ್ಮೆ ಆಲ್ಬಮ್ ತಡವಾಯಿತೆಂದು ಒಬ್ಬರು ಒಂದೇ ನಕ್ಷತ್ರ ಕೊಟ್ಟರು. ಅವರ ಮಾತು ನಿಜವಾಗಿತ್ತು. ಮೂರು ದಿನ ನೊಂದುಕೊಂಡೆ. ನಾಲ್ಕನೆಯ ದಿನ ತಪ್ಪೊಪ್ಪಿ, ಇನ್ನು ಮುಂದೆ ರಸೀದಿಯಲ್ಲಿಯೇ ಆಲ್ಬಮ್ ಕೊಡುವ ತಾರೀಕು ಬರೆಯುತ್ತೇನೆ ಎಂದು ಅದರ ಕೆಳಗೇ ಉತ್ತರಿಸಿದೆ. ಈಗಲೂ ಹಾಗೆಯೇ ಬರೆಯುತ್ತಿದ್ದೇನೆ.

ಚಿತ್ರಗಳ ವಿಷಯದಲ್ಲಿಯೂ ಕ್ರಮ ಬದಲಾಯಿತು. ಈಗ ಪಟ್ಟಿ ತೆರೆದವರಿಗೆ ರಸ್ತೆಯಿಂದ ಕಾಣುವ ಬೋರ್ಡು, ಬಟ್ಟೆ ಅಂಗಡಿಯ ಪಕ್ಕದ ಮೆಟ್ಟಿಲು, ಒಳಗಿನ ಬೆಂಚು, ಮಗುವಿನ ಬಟ್ಟೆ ಬದಲಿಸುವ ಪರದೆ ಹಾಕಿದ ಮೂಲೆ ಕಾಣುವಂತೆ ಇಟ್ಟಿದ್ದೇನೆ. ಕೂಡ್ಲಿಯ ಮಂಜು ಆಮೇಲೆ. ವಧುವರರ ಚಿತ್ರವನ್ನು ಒಪ್ಪಿಗೆ ಪಡೆಯದೆ ಹಾಕುವುದಿಲ್ಲ. ಮಕ್ಕಳ ಚಿತ್ರಗಳನ್ನು, ಮನೆಯವರು ಒಪ್ಪಿದರೂ ಹಾಕುವುದಿಲ್ಲ. ನಕ್ಷೆಯ ಮೇಲೆ ಯಾರು ಬೇಕಾದರೂ ನೋಡಬಹುದಾದ ಜಾಗದಲ್ಲಿ ಇನ್ನೊಬ್ಬರ ಮಗುವಿನ ಮುಖ ಇಡುವ ಹಕ್ಕು ನನಗಿಲ್ಲ ಎಂದೇ ನನ್ನ ನಂಬಿಕೆ.

ಇನ್ನೊಂದು ಚಿಕ್ಕ ಗುರುತು ನಾನೆಣಿಸದಷ್ಟು ಫಲ ಕೊಟ್ಟಿತು. ಇದು ಮಹಿಳೆಯ ಒಡೆತನದ ವ್ಯವಹಾರ ಎಂದು ಸೂಚಿಸಲು ಅಲ್ಲಿ ಅವಕಾಶವಿದೆ. ಅದನ್ನು ನೋಡಿಯೇ ಸೀಮಂತಕ್ಕೆ, ಬಾಣಂತಿಯ ಕೋಣೆಯಲ್ಲಿ ಮಗುವಿನ ಮೊದಲ ಚಿತ್ರಗಳಿಗೆ ನನ್ನನ್ನು ಕರೆಯುವವರಿದ್ದಾರೆ. "ನೀವೇ ಬರುತ್ತೀರಲ್ಲವೇ ಅಕ್ಕ?" ಎಂಬುದು ಅವರ ಮೊದಲ ಪ್ರಶ್ನೆ.

ನಷ್ಟವನ್ನೂ ಹೇಳಬೇಕು. ಒಬ್ಬ ಸಲಹೆಗಾರರ ಮಾತು ಕೇಳಿ, ಸ್ಟುಡಿಯೋದ ಹೆಸರಿನ ಮುಂದೆ 'ಶಿವಮೊಗ್ಗದ ಅತ್ಯುತ್ತಮ ವೆಡ್ಡಿಂಗ್ ಫೋಟೋಗ್ರಾಫರ್' ಎಂದೆಲ್ಲ ಜೋಡಿಸಿದ್ದೆ. ಬೋರ್ಡಿನಲ್ಲಿ ಇಲ್ಲದ್ದು ಹೆಸರಿನಲ್ಲಿ ಇರಬಾರದೆಂಬ ನಿಯಮ ಓದಿರಲಿಲ್ಲ. ಪಟ್ಟಿ ತಡೆಹಿಡಿಯಲ್ಪಟ್ಟಿತು. ಹೆಸರು ಸರಿಪಡಿಸಿ, ಬೋರ್ಡಿನ ಫೋಟೋ ಕಳುಹಿಸಿ, ಮರಳಿ ಪಡೆಯುವಷ್ಟರಲ್ಲಿ ವೈಶಾಖದ ಲಗ್ನಗಳು ಮುಗಿದಿದ್ದವು. ಗಿರಾಕಿಗಳ ನಂಬರು ಮಾರುವ ಒಂದು ತಾಣಕ್ಕೂ ಒಂದು ವರ್ಷ ಹಣ ಕಟ್ಟಿದೆ. ಅವರು ಕೊಟ್ಟ ನಂಬರಿಗೆ ಕರೆ ಮಾಡಿದರೆ, "ನೀವು ಐದನೆಯವರು" ಎಂಬ ಉತ್ತರ. ಅಲ್ಲಿ ದರ ಇಳಿಸಿದವರದೇ ಗೆಲುವು. ಮರುವರ್ಷ ಆ ಹಣದಲ್ಲಿ ಬೆಳಕನ್ನು ಮೃದುವಾಗಿಸುವ ಹೊಸ ಸಾಫ್ಟ್‌ಬಾಕ್ಸ್ ತೆಗೆದುಕೊಂಡೆ.

ಮುಹೂರ್ತವಿರುವ ದಿನ ಬೆಳಗ್ಗೆ ಸ್ಟುಡಿಯೋ ಮುಚ್ಚಿರುತ್ತದೆ. ಹಿಂದಿನ ರಾತ್ರಿಯೇ ಪಟ್ಟಿಯಲ್ಲಿ ಆ ದಿನದ ಸಮಯ ಬದಲಿಸದೆ ಮಲಗುವುದಿಲ್ಲ. ದೂರದಿಂದ ಬಂದವರು ಬೀಗ ನೋಡಿ ಹಿಂತಿರುಗಬಾರದು.

ಕಳೆದ ತಿಂಗಳು, ನಮ್ಮ ಆಲ್ಬಮ್ ಚಿತ್ರಗಳಿಗೆ ಕಟ್ಟು ಹಾಕಿಕೊಡುವ ಪಕ್ಕದ ಅಂಗಡಿಯ ಹಿರಿಯರು, "ನನ್ನದನ್ನೂ ಮ್ಯಾಪಿಗೆ ಹಾಕಿಕೊಡಮ್ಮ" ಎಂದರು. ಈ ಬಾರಿ ಗೂಗಲ್ ಅಂಚೆ ಕಾರ್ಡಿನ ಬದಲು ವೀಡಿಯೋ ಕೇಳಿತು: ರಸ್ತೆ, ಬೋರ್ಡು, ಒಳಗಿನ ಸಲಕರಣೆ, ಅಂಗಡಿ ಇವರದೇ ಎನ್ನಲು ಬೀಗ ತೆಗೆಯುವ ಕೈ. ಮೊದಲ ಸಲ ಷಟರ್ ಎತ್ತುವಾಗ ಅವರು ಬೋರ್ಡಿಗೆ ಅಡ್ಡ ನಿಂತುಬಿಟ್ಟರು. ಮತ್ತೆ ಇಳಿಸಿ, ಮತ್ತೆ ಬೀಗ ಹಾಕಿ, ಒಂದು ಹೆಜ್ಜೆ ಎಡಕ್ಕೆ ನಿಲ್ಲಿಸಿ, ಇನ್ನೊಮ್ಮೆ ತೆಗೆಸಿದೆ.