ಹೊಸ ಇನ್‌ಲೈನ್ ಸ್ಕೇಟ್ಸ್ ಕಾಲು ಕಚ್ಚದಂತೆ ಪಳಗಿಸುವುದು ಹೇಗೆ?

ಹೊಸ ಚಪ್ಪಲಿ ಕಚ್ಚಿದರೆ ಕೊಬ್ಬರಿ ಎಣ್ಣೆ ಸವರುವುದು ನಮ್ಮ ಮನೆಗಳ ರೂಢಿ. ಅಡಿಯಲ್ಲಿ ಒಂದೇ ಸಾಲಿಗೆ ಚಕ್ರಗಳಿರುವ ಬೂಟು, ಅಂದರೆ ಇನ್‌ಲೈನ್ ಸ್ಕೇಟ್ಸ್ ಕಚ್ಚಿದರೆ ಆ ಉಪಾಯ ನಡೆಯದು. ಹೊರಗಿನ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಎಣ್ಣೆಗೆ ಮೆತ್ತಗಾಗುವುದಿಲ್ಲ. ಪಾದಕ್ಕೆ ಒಗ್ಗಬೇಕಾದದ್ದು ಒಳಗಿರುವ ಲೈನರ್, ಅಂದರೆ ಸ್ಪಂಜು ತುಂಬಿದ ಒಳಬೂಟು. ಅದು ಹದಕ್ಕೆ ಬರುವುದು ಕಾಲಿನ ಬಿಸಿ ಮತ್ತು ಒತ್ತಡದಿಂದ, ಅದೂ ನಿಧಾನವಾಗಿ.

ಅಳತೆ ತಪ್ಪಿದ್ದರೆ ಮುಂದಿನ ಯಾವ ಉಪಚಾರವೂ ಫಲಿಸದು. ಪಾದ ತುಸು ಊದಿಕೊಂಡಿರುವ ಸಂಜೆ ಹೊತ್ತಿನಲ್ಲಿ ಅಂಗಡಿಗೆ ಹೋಗಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂತುದಿಗೆ ಹಗುರವಾಗಿ ತಾಗಬೇಕು, ಮಂಡಿ ಬಗ್ಗಿಸಿದೊಡನೆ ಹಿಂದಕ್ಕೆ ಸರಿಯಬೇಕು. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಮಕ್ಕಳಿಗೆ ದೊಡ್ಡ ಅಳತೆಯದನ್ನು ದಯವಿಟ್ಟು ಕೊಡಿಸಬೇಡಿ. ಸಡಿಲ ಬೂಟಿನಲ್ಲಿ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೇಲೆದ್ದು ಉಜ್ಜುತ್ತದೆ. ಗುಳ್ಳೆ ಏಳುವುದೇ ಅಲ್ಲಿ. ಬೆಳೆಯುವ ಪಾದಕ್ಕೆಂದೇ ಉದ್ದ ಹಿಗ್ಗಿಸಬಹುದಾದ ಸ್ಕೇಟ್ಸ್ ಸಿಗುತ್ತವೆ.

ಮೊದಲ ಕೆಲವು ದಿನ ರಿಂಕ್‌ಗೆ, ಅಂದರೆ ಸ್ಕೇಟಿಂಗ್ ಅಂಗಳಕ್ಕೆ, ಹೋಗುವ ಆತುರ ಬೇಡ. ಚಕ್ರ ಉರುಳದಂತೆ ದಪ್ಪ ಜಮಖಾನೆಯ ಮೇಲೆ, ಗೋಡೆ ಹಿಡಿದು, 15-20 ನಿಮಿಷ ನಿಂತು ಮಂಡಿ ಬಗ್ಗಿಸಿ ಏಳಿ.

ತೊಡುವ ಕ್ರಮದಲ್ಲೇ ಅರ್ಧ ನೋವು ತಪ್ಪುತ್ತದೆ. ಉಗುರು ಕತ್ತರಿಸಿರಲಿ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಬೂಟಿನ ಅಂಚಿಗಿಂತ ಎತ್ತರದ, ತೆಳುವಾದ ಸಿಂಥೆಟಿಕ್ ಕಾಲುಚೀಲ ಒಳ್ಳೆಯದು. ಕಾಲು ತೂರಿಸಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂಬದಿಗೆ ಕೂರಿಸಿ. ಬಳಿಕ ಲೇಸ್ ಬಿಗಿಯಿರಿ: ಬೆರಳುಗಳ ಬಳಿ ಸಡಿಲ, ಕಣಕಾಲಿನ ಬಳಿ ಬಿಗಿ. ಮಂಡಿ ತುಸು ಬಗ್ಗಿಸಿಕೊಂಡೇ ಮೇಲಿನ ಬಕಲ್ ಹಾಕಿ. ಹತ್ತು ನಿಮಿಷ ಆಡಿದ ಮೇಲೆ ಸ್ಪಂಜು ಅಮರಿ ಲೇಸ್ ಸಡಿಲವಾಗಿರುತ್ತದೆ, ಮತ್ತೊಮ್ಮೆ ಕಟ್ಟಿಕೊಳ್ಳಿ. ಅಂಗಾಲು ಹಿಡಿದುಕೊಂಡರೆ ಪಾದದ ಮೇಲಿನ ಬಿಗಿತ ಸಡಿಲಿಸಿ. ಬೀಳುವ ಭಯಕ್ಕೆ ಬೆರಳು ಮುದುರಿ ಹಿಡಿಯುವುದೂ ಈ ನೋವಿಗೆ ಕಾರಣ.

ಗುಳ್ಳೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ‘ಇನ್ನೊಂದೇ ಸುತ್ತು’ ಎನ್ನದೆ ಆ ಕ್ಷಣವೇ ಬೂಟು ಬಿಚ್ಚಿ. ಕೆಂಪಾದ ಕಡೆ ನುಣುಪಾದ ಟೇಪ್ ಸುಕ್ಕಿಲ್ಲದಂತೆ ಅಂಟಿಸಿ. ಕಣಕಾಲಿನ ಗಂಟು ಒತ್ತುತ್ತಿದ್ದರೆ ಸ್ಪಂಜಿನ ಹಾಳೆಯನ್ನು ಉದ್ದಿನ ವಡೆಯಂತೆ ನಡುವೆ ತೂತಿರುವ ಬಿಲ್ಲೆಯಾಗಿ ಕತ್ತರಿಸಿ, ಗಂಟು ತೂತಿನೊಳಗೆ ಬರುವಂತೆ ಇಡಿ. ಭಾರ ಸುತ್ತಲಿನ ಸ್ಪಂಜಿನ ಮೇಲೆ ಬೀಳುತ್ತದೆ. ಎದ್ದ ಗುಳ್ಳೆಯನ್ನು ಒಡೆಯಬೇಡಿ. ಸಕ್ಕರೆ ಕಾಯಿಲೆಯವರು ಸಣ್ಣ ಗಾಯವನ್ನೂ ವೈದ್ಯರಿಗೆ ತೋರಿಸಬೇಕು.

ಎಂಟು-ಹತ್ತು ಸಲ ಆಡಿದ ಮೇಲೂ ಅದೇ ಎಲುಬು ನೋಯುತ್ತಿದ್ದರೆ ಲೈನರ್‌ನ ತಪ್ಪಲ್ಲ, ಚಿಪ್ಪೇ ಒತ್ತುತ್ತಿದೆ. ಅನುಭವವಿರುವ ಅಂಗಡಿಯವರು ಆ ಜಾಗವನ್ನು ಕಾಯಿಸಿ ಹೊರಕ್ಕೆ ಉಬ್ಬಿಸಿಕೊಡುತ್ತಾರೆ. ತಯಾರಕರು ಹೇಳದ ಹೊರತು ಮನೆಯ ಓವನ್‌ನಲ್ಲಿ ಕಾಯಿಸಲು ಹೋಗಬೇಡಿ.

ಆಟ ಮುಗಿದೊಡನೆ ಲೈನರ್ ಹೊರಗೆಳೆದು ಫ್ಯಾನಿನ ಗಾಳಿಗೆ ಒಣಗಿಸಿ. ಮಳೆಗಾಲದಲ್ಲಿ ಒಳಗೆ ಹಳೆಯ ದಿನಪತ್ರಿಕೆಯ ಉಂಡೆ ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ತೇವ ಬಹಳಷ್ಟು ಎಳೆದುಕೊಂಡಿರುತ್ತದೆ.